ಕುಂಕುಮ ಏರಿಸಿದ ಬೋಲ್ಟು

ತರಬೇತಿ ಶಾಲೆ ಮುಗಿಸಿ ಕೆಲಸಕ್ಕೆ ಸೇರುವ ಹುಡುಗರು ಬೆಟಗೇರಿಯ ನಮ್ಮ ಮನೆಗೆ ಆಗಾಗ ಬರುತ್ತಾರೆ. ಚಹಾ ಕುಡಿಯುತ್ತಾರೆ, ಅದೂ ಇದೂ ಮಾತಾಡುತ್ತಾರೆ, ಕೊನೆಗೆ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. "ಕಾಕಾ, ಸಣ್ಣ ರಿಪೇರಿಗಂತ ಇಂಜಿನ್ ಬಿಚ್ಚೀವಿ. ಒಳಗಿನ ರಾಡ್ ಬೋಲ್ಟ್ ನೋಡಾಕ ಚಲೋನ ಅದಾವು. ತಿರುಗಿ ಅವನ್ನ ಹಾಕೂಣೋ, ಹೊಸಾವು ತರಸೂಣೋ?"

ಹೊಸವು ತರಿಸಿರಿ ಅನ್ನುತ್ತೇನೆ. ಯಾಕೆ ಅಂತ ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ, ಬಯ್ಯುತ್ತೇನೆ, ಅವರು ನಗುತ್ತ ಎದ್ದು ಹೋಗುತ್ತಾರೆ. ಹಾಗೆ ಬಯ್ದು ಕಳಿಸುವುದಕ್ಕಿಂತ ಒಮ್ಮೆ ಎಲ್ಲವನ್ನೂ ಬರೆದಿಟ್ಟರೆ ನೆಟ್ಟಗೆ ಅಂತ ಈಗ ಕುಳಿತಿದ್ದೇನೆ. ನಾನು ಯಾವಾಗ ಹೆಡ್ ಫಿಟರ್ ಆದೆ, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ನಿಮಗೆ ಬೇಕಾಗಿಲ್ಲ. ಆ ಶಾಲನ್ನು ಮನೆಯವರು ಹಪ್ಪಳ ಒಣಗಿಸಲು ಹಾಸುತ್ತಾರೆ.

ಮೊದಲು ಈ ಬೋಲ್ಟು ಏನು ಅಂತ ಹೇಳುತ್ತೇನೆ, ಗೊತ್ತಿಲ್ಲದವರು ಓದಿದರೂ ತಿಳಿಯಲಿ. ಹಿಂದೆ ಮುಂದೆ ಓಡಾಡುವ ಪಿಸ್ಟನ್ನಿನಿಂದ ಹೊರಟ ರಾಡು ಇನ್ನೊಂದು ತುದಿಯಲ್ಲಿ ಗಾಲಿ ತಿರುಗಿಸುವ ಕ್ರ್ಯಾಂಕನ್ನು ಅಪ್ಪಿ ಹಿಡಿದಿರುತ್ತದೆ. ಆ ತುದಿ ಎರಡು ಹೋಳು. ಎರಡೂ ಹೋಳುಗಳನ್ನು ಬಿಗಿಹಿಡಿಯುವವು ಹೆಬ್ಬೆರಳು ದಪ್ಪದ ಎರಡು ಬೋಲ್ಟು, ಅಷ್ಟೇ. ಇಂಜಿನ್ ಒಂದು ಸುತ್ತು ಸುತ್ತಿದಾಗಲೆಲ್ಲ ಅವನ್ನು ಒಮ್ಮೆ ಎಳೆಯುತ್ತದೆ, ಒಮ್ಮೆ ಬಿಡುತ್ತದೆ. ವರ್ಷಗಟ್ಟಲೆ ಎಳೆದು ಬಿಟ್ಟು ಎಳೆದು ಬಿಟ್ಟು ಕಬ್ಬಿಣಕ್ಕೂ ದಣಿವು ಬರುತ್ತದೆ. ಆ ದಣಿವು ಕಣ್ಣಿಗೆ ಕಾಣುವುದಿಲ್ಲ. ಬೋಲ್ಟು ಮುರಿದರೆ ರಾಡು ಬಿಚ್ಚಿಕೊಂಡು ಸಿಕ್ಕದ್ದನ್ನೆಲ್ಲ ಒಡೆದು ಹೊರಗೆ ಬರುತ್ತದೆ.

ನನಗೆ ಕೆಲಸ ಕಲಿಸಿದವರು ಮಾಬೂಸಾಬರು. ಆಗ ನಮ್ಮ ಕಡೆಯ ಹೆಚ್ಚಿನ ಗಿರಣಿಗಳಿಗೆ ಕರೆಂಟು ಬಂದಿರಲಿಲ್ಲ. ಹಿಟ್ಟಿನ ಗಿರಣಿ, ಎಣ್ಣೆ ಗಿರಣಿ, ಅರಳೆ ಜಿನ್ನು ಎಲ್ಲವೂ ದೊಡ್ಡ ಗಾಲಿಯ ಎಣ್ಣೆ ಇಂಜಿನ್ನಿನ ಮೇಲೆ ನಡೆಯುತ್ತಿದ್ದವು. ನಾವಿಬ್ಬರೂ ನಟ್ಟು ಬಿಗಿಯುವ ಪಾನಾಗಳ ಚೀಲ ಹೊತ್ತು ಊರೂರು ತಿರುಗುತ್ತಿದ್ದೆವು. ಗದಗ ಮುಂಬಯಿ ಸರಕಾರದ್ದು, ಲಕ್ಷ್ಮೇಶ್ವರ ಒಬ್ಬ ರಾಜರದು, ಶಿರಹಟ್ಟಿ ಇನ್ನೊಬ್ಬ ರಾಜರದು. ಮುಂಜಾನೆ ಹೊರಟವರು ಊಟದ ಹೊತ್ತಿಗೆ ಮತ್ತೊಂದು ರಾಜ್ಯದಲ್ಲಿ ಇರುತ್ತಿದ್ದೆವು.

ಸ್ವಾತಂತ್ರ್ಯ ಬಂದ ವರ್ಷದ ಮಾತು. ಲಕ್ಷ್ಮೇಶ್ವರದ ಗಡಿಯ ನಾಕಾದಲ್ಲಿ ಒಬ್ಬ ಸಿಪಾಯಿ ನಮ್ಮ ಚೀಲ ತೆರೆಸಿ ಎರಡು ಹೊಸ ಬೋಲ್ಟುಗಳನ್ನು ಎತ್ತಿ ಹಿಡಿದ. "ಏನಿದು? ಬಾಂಬಿನ ಸಾಮಾನೇನು?" ಅಂದ. ಮಾಬೂಸಾಬರು ನಗಲಿಲ್ಲ. "ಸಾಹೇಬ್ರ, ಇದನ್ನ ಹಾಕಿದ್ರ ಸಿಡಿಯೂದಿಲ್ರಿ. ಹಾಕದಿದ್ರ ಸಿಡಿತೈತಿ" ಅಂದರು. ಸಿಪಾಯಿಗೆ ಏನು ತಿಳಿಯಿತೋ ಬಿಟ್ಟಿತೋ, ಹೋಗ್ರಿ ಅಂದ.

ಆದರೆ ಆ ದಿನ ಆ ಬೋಲ್ಟುಗಳನ್ನು ಹಾಕಲಿಲ್ಲ. ಎಣ್ಣೆ ಗಿರಣಿಯ ಮಾಲೀಕ, "ಬೇರಿಂಗ್ ಬಡಿತೈತಿ ಅಂತ ಕರದ್ರ ಬೋಲ್ಟ್ ಮಾರಾಕ ಬಂದೀರೇನು? ಇರೂವು ಗಟ್ಟ್ಯಾಗಿ ಅದಾವು, ಅವನ್ನ ಬಿಗೀರಿ" ಅಂದ. ಮಾಬೂಸಾಬರು ಮೆತ್ತಗಿನ ಮನುಷ್ಯ. ದೊಡ್ಡವರ ಎದುರು ಇಲ್ಲ ಅನ್ನುವುದು ಅವರಿಗೆ ಬರುತ್ತಿರಲಿಲ್ಲ. ಹಳೆಯವನ್ನೇ ಬಿಗಿದರು. ಇಂಜಿನ್ ಚಾಲೂ ಆಯಿತು, ಬಡಿತ ನಿಂತಿತ್ತು, ಮಾಲೀಕ ಖುಷಿಯಾದ. ನಾನು ಕೈ ತೊಳೆಯಲು ಬಾವಿಕಡೆ ಹೋದೆ. ಹಿಂದಿನಿಂದ ಬಂದ ಸಪ್ಪಳ ಇವತ್ತಿಗೂ ನನ್ನ ಕಿವಿಯಲ್ಲಿದೆ. ಓಡಿ ಬಂದು ನೋಡಿದರೆ ಇಂಜಿನ್ನಿನ ಹೊಟ್ಟೆಯ ಬಾಗಿಲು ಒಡೆದುಹೋಗಿತ್ತು, ಮಾಬೂಸಾಬರು ಗೋಡೆಗೆ ಬಿದ್ದಿದ್ದರು, ಅವರ ಬಲಗಾಲು ಕಾಲಿನ ಹಾಗೆ ಇರಲಿಲ್ಲ.

ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮುಂದೆ ಶಿಗ್ಲಿಯಲ್ಲಿ ಸೈಕಲ್ ಪಂಕ್ಚರ್ ತಿದ್ದುತ್ತ ಕೂತರು. ನಾನು ಹೋದಾಗಲೆಲ್ಲ ಒಂದೇ ಮಾತು: "ದಾವಲ್, ಕೈಗೆ ಅನುಮಾನ ಬಂದ ಮ್ಯಾಲೆ ಬಾಯಿ ಮುಚ್ಚಕೊಂಡು ಕುಂಡರಬ್ಯಾಡೋ. ನಾ ಕುಂತೆ, ನೋಡು." ನನಗೆ ಅಳು ಬರುತ್ತಿತ್ತು. ಅತ್ತು ಏನು ಮಾಡುವುದು, ಮಾತು ಮನಸ್ಸಿನಲ್ಲಿ ಇಟ್ಟುಕೊಂಡೆ.

ಆಮೇಲೆ ಒಬ್ಬನೇ ತಿರುಗಾಡತೊಡಗಿದೆ. ಹೊಸ ಬೋಲ್ಟು ಹಾಕಿರಿ ಅಂದರೆ ಜನ ಏನೇನು ಮಾಡುತ್ತಿದ್ದರು ಅನ್ನುತ್ತೀರಿ! ಶಿರಹಟ್ಟಿಯ ಒಬ್ಬ ಹಿಟ್ಟಿನ ಗಿರಣಿಯವನು ನನ್ನ ಮಾತು ಕೇಳಿ ಹೊಸ ಬೋಲ್ಟು ಹಾಕಿಸಿದ್ದ, ಖರೆ. ಎಂಥವು? ಮುರಿದ ಚಕ್ಕಡಿಯ ಅಚ್ಚು ಕೊಯ್ದು ಲೇತಿನವನ ಹತ್ತಿರ ಮಾಡಿಸಿದವು. ಮೊದಲಿನವಕ್ಕಿಂತ ದಪ್ಪ. ಅವು ಕೂಡಲೆಂದು ರಾಡಿನ ತೂತನ್ನೂ ದೊಡ್ಡದು ಮಾಡಿಸಿದ್ದ. "ದಪ್ಪ ಆದ್ರ ಗಟ್ಟಿ ಅಲ್ಲೇನ್ರಿ ಮಿಸ್ತ್ರಿ?" ಅಂತ ಹೆಮ್ಮೆಯಿಂದ ಕೇಳಿದ. ಬಿಚ್ಚಿ ನೋಡಿದರೆ ಬೋಲ್ಟು ಉದ್ದ ಹಿಗ್ಗಿತ್ತು, ನಟ್ಟು ಕೈಯಲ್ಲೇ ತಿರುಗುತ್ತಿತ್ತು. ಬೋಲ್ಟಿನ ಗಟ್ಟಿತನ ಅದರ ಉಕ್ಕಿನಲ್ಲಿದೆ, ಮೈಯಲ್ಲಿಲ್ಲ. ಮೈ ನೋಡಿ ನಂಬಿದ ಅವನಿಗೆ ರಾಡೂ ಹೋಯಿತು.

ಮುಂಡರಗಿಯಲ್ಲಿ ಇನ್ನೊಂದು ತರಹ. ಅಲ್ಲಿಯ ಇಂಜಿನ್ ಡ್ರೈವರನಿಗೆ ಚೊಕ್ಕ ಹೊಸ ಬೋಲ್ಟು ಕೊಟ್ಟು ನಾನು ಡಂಬಳಕ್ಕೆ ಹೋಗಿ ಬರುವುದರೊಳಗೆ ಅವನೇ ಹಾಕಿಬಿಟ್ಟಿದ್ದ. ಪಾನಾಕ್ಕೆ ನೀರಿನ ಪೈಪು ತೂರಿಸಿ, ಇಬ್ಬರು ಪೈಲವಾನರನ್ನು ಕರೆದು, ಜೈ ಹನುಮಾನ್ ಅಂತ ಜಗ್ಗಿಸಿದ್ದ. ತಿರುಪು ಅರ್ಧ ಕಿತ್ತುಬಂದಿತ್ತು. ಹೊಸದನ್ನು ಹಾಕುವ ದಿನವೇ ಕೊಂದಿದ್ದ, ಪುಣ್ಯಾತ್ಮ. ಈಗ ನಿಮ್ಮ ಹತ್ತಿರ ಇಷ್ಟೇ ಬಿಗಿಯಬೇಕು ಅಂತ ತೋರಿಸುವ ಪಾನಾ ಬಂದಿದೆ, ನಮ್ಮ ಕಾಲದಲ್ಲಿ ಮಣಿಕಟ್ಟೇ ಅಳತೆ. ಆ ಪಾನಾವನ್ನು ಪೆಟ್ಟಿಗೆಯಲ್ಲಿ ಇಟ್ಟು ಪೂಜೆ ಮಾಡಬೇಡಿರಿ, ಕೆಲಸಕ್ಕೆ ಹಚ್ಚಿರಿ.

ಇಷ್ಟಾಗುವುದರೊಳಗೆ ರಾಜರುಗಳ ರಾಜ್ಯ ಹೋಗಿ ನಾಕಾಗಳು ಎದ್ದುಹೋಗಿದ್ದವು. ನಾನು ಗದಗಿನ ಒಂದು ಅರಳೆ ಜಿನ್ನಿನಲ್ಲಿ ಕಾಯಂ ನಿಂತೆ. ಹೇಳಬೇಕಾದ ಮಾತು ಅಲ್ಲಿಯದೇ.

ಜಿನ್ನಿನಲ್ಲಿ ಅರಳೆಯಿಂದ ಕಾಳು ಬೇರೆ ಮಾಡುವ ಯಂತ್ರಗಳ ಸಾಲು. ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬ ಹೆಣ್ಣುಮಗಳು ಕೂತು ಅರಳೆ ಉಣಿಸಬೇಕು. ಇಂಜಿನ್ ಖೋಲಿಗೂ ಆ ಸಾಲಿಗೂ ನಡುವೆ ಒಂದು ಮಣ್ಣಿನ ಗೋಡೆ. ಗೋಡೆಗೆ ಬೆನ್ನು ಕೊಟ್ಟ ಮೊದಲ ಜಾಗದಲ್ಲಿ ಫಕೀರವ್ವ ಕೂಡುತ್ತಿದ್ದಳು. ನನಗಿಂತ ದೊಡ್ಡವಳು, ಗಂಡ ಇಲ್ಲದೆ ಮಕ್ಕಳನ್ನು ಸಾಕುತ್ತಿದ್ದವಳು, ನಾಲಿಗೆ ಬಲು ಹರಿತ. ಆಕೆಯ ಬೆನ್ನಿಗೆ ಗೋಡೆ, ಗೋಡೆಯಾಚೆ ನೇರವಾಗಿ ಇಂಜಿನ್ನಿನ ರಾಡು. ಅದನ್ನು ನೋಡಿದಾಗಲೆಲ್ಲ ನನಗೆ ಮಾಬೂಸಾಬರ ಕಾಲು ಕಣ್ಣಿಗೆ ಕಟ್ಟುತ್ತಿತ್ತು.

ನನ್ನ ಮೇಲೆ ಗುರಪ್ಪ ಮಿಸ್ತ್ರಿ ಇದ್ದರು, ಕೋಟುಮಚಗಿಯವರು. ಬಹಳ ಒಳ್ಳೆಯ ಕೈ. ಗೋಡೆಗೆ ಕಿವಿ ಹಚ್ಚಿ ಇಂಜಿನ್ನಿನ ಯಾವ ಭಾಗ ಸವೆದಿದೆ ಅಂತ ಹೇಳುತ್ತಿದ್ದರು, ಸುಳ್ಳಾಗುತ್ತಿರಲಿಲ್ಲ. ಆ ಇಂಜಿನ್ನನ್ನು ಯುದ್ಧಕ್ಕಿಂತ ಮುಂಚೆ ಕೂಡಿಸಿದವರು ಅವರೇ. ಪ್ರತಿ ದಸರೆಯ ಖಂಡೇಪೂಜೆಗೆ ಎಲ್ಲರೂ ಗಾಲಿಗೆ ವಿಭೂತಿ ಹಚ್ಚಿ ಹೂವು ಏರಿಸಿದರೆ, ಅವರು ಇಂಜಿನ್ನಿನ ಹೊಟ್ಟೆಯ ಬಾಗಿಲು ತೆರೆದು ಒಳಗೆ ಕೈ ಹಾಕಿ ಆ ಎರಡು ರಾಡ್ ಬೋಲ್ಟುಗಳಿಗೆ ಕುಂಕುಮ ಏರಿಸುತ್ತಿದ್ದರು. ಇಂಜಿನ್ನಿನ ಜೀವ ಅಲ್ಲಿದೆ ಅಂತ ಅವರಿಗೂ ಗೊತ್ತಿತ್ತು. ಜೀವಕ್ಕೂ ಮುಪ್ಪಿದೆ ಅನ್ನುವುದನ್ನು ಮಾತ್ರ ಒಪ್ಪುತ್ತಿರಲಿಲ್ಲ.

ಸುಗ್ಗಿಯ ಭರದಲ್ಲಿ ಬೇರಿಂಗಿನಲ್ಲಿ ಸಣ್ಣ ಬಡಿತ ಬಂತು. ಸಣ್ಣ ರಿಪೇರಿ ಅದು. ರಾಡಿನ ಎರಡು ಹೋಳು ಬಿಚ್ಚಿ, ನಡುವಿನ ಒಂದು ತೆಳು ತಗಡು ತೆಗೆದು, ತಿರುಗಿ ಬಿಗಿದರೆ ಆಯಿತು. ಮುಂಜಾನೆ ಬಿಚ್ಚಿದೆ. ಬೋಲ್ಟುಗಳನ್ನು ಒರೆಸಿ ಬಿಸಿಲಿಗೆ ಹಿಡಿದು ನೋಡಿದೆ. ಬಿರುಕಿಲ್ಲ, ಬಾಗಿಲ್ಲ. ದಾರ ಕಟ್ಟಿ ತೂಗಿಸಿ ಬಡಿದೆ, ಒಂದರ ದನಿ ಇನ್ನೊಂದರಷ್ಟು ತಿಳಿಯಾಗಿರಲಿಲ್ಲ ಅನ್ನಿಸಿತು. ಅನ್ನಿಸಿತು ಅಷ್ಟೇ, ಆಣೆ ಮಾಡಿ ಹೇಳುವ ಹಾಗಿರಲಿಲ್ಲ. ಆದರೆ ಯುದ್ಧಕ್ಕಿಂತ ಹಳೆಯ ಬೋಲ್ಟು, ಕೈಗೆ ಅನುಮಾನ ಬಂದಿದೆ, ಇಂಜಿನ್ ಹೇಗೂ ತೆರೆದಿದೆ. ಇವನ್ನು ತಿರುಗಿ ಹಾಕುವುದಿಲ್ಲ ಅಂತ ಅಲ್ಲೇ ಗಟ್ಟಿ ಮಾಡಿದೆ.

ಗುರಪ್ಪ ಮಿಸ್ತ್ರಿ ಕೆಂಡವಾದರು. "ಏನ್ಲೇ ದಾವಲ್ಯಾ, ನಾ ಕೈಯಾರೆ ಹಾಕಿದ್ದವು, ವರ್ಷಾ ಕುಂಕುಮ ಏರಿಸಿದ್ದವು. ಒಂದ ದಿನಾ ಮೋಸ ಮಾಡಿಲ್ಲ. ಅವಕ್ಕ ಹೆಸರು ಇಡ್ತೀಯೇನು?"

"ಮಿಸ್ತ್ರಿಯಾರ, ಮೋಸ ಮಾಡೂ ದಿನಾ ಹೇಳಿ ಬರೂದಿಲ್ರಿ ಅವು."

"ಹಂಗಾದ್ರ ನಾನ ಹಾಕ್ತೀನಿ, ಸರೀ."

"ಹಾಕ್ರಿ. ಆದ್ರ ಇಂಜಿನ್ ಚಾಲೂ ಆದಾಗ ಫಕೀರವ್ವನ ಜಾಗಾದಾಗ ನೀವು ಕುಂಡರಬೇಕು. ದಿನಾ ಕುಂಡರಬೇಕು. ಆಗ್ತೈತೇನ್ರಿ?"

ಅವರ ಮುಖ ನೋಡಿ ನಾನು ಹೆಚ್ಚು ಅಂದೆನೇನೋ ಅನ್ನಿಸಿತು. ಹಿಂದೆ ಸರಿಯಲಿಲ್ಲ. ಅಷ್ಟರಲ್ಲಿ ಜಿನ್ನಿನ ಮಾಲೀಕರಾದ ಸಾವಕಾರರು ಬಂದರು, ಹೆಂಗಸರೂ ಬಂದು ನೆರೆದರು. ಎಲ್ಲರ ಎದುರು ಗುರಪ್ಪ ಮಿಸ್ತ್ರಿ ಕೈಗೆ ಸಿಕ್ಕ ಒಂದು ಬೋಲ್ಟನ್ನು ಎತ್ತಿ ಹಿಡಿದರು. "ಸಾವಕಾರ್ರ, ಮಾತ್ಯಾಕ? ಇದನ್ನ ಒಡದ ನೋಡೂಣು. ಒಳಗ ಹುಳುಕಿದ್ರ ಇವನ ಮಾತು ಖರೆ. ನೆಟ್ಟಗಿದ್ರ ಇವ ಬಾಯಿ ಮುಚ್ಚಬೇಕು."

"ಒಡೀರಿ" ಅಂದೆ.

ಬೋಲ್ಟನ್ನು ಬಾಂಕಿನ ಇಕ್ಕಳದ ಬಾಯಿಗೆ ಕಚ್ಚಿಸಿ, ತಿರುಪಿನ ಬುಡದಲ್ಲಿ ಗರಗಸದಿಂದ ಒಂದು ಗೀರು ಹಾಕಿ, ದೊಡ್ಡ ಸುತ್ತಿಗೆಯಿಂದ ಹೊಡೆದರು. ಬಾಗಿತು. ಇನ್ನೂ ಹೊಡೆದರು, ಹೊಡೆದು ಹೊಡೆದು ಬೆವರಿದರು, ಆಮೇಲೆ ಮುರಿಯಿತು. ಮುರಿದ ಮುಖ ಫಳಫಳ ಹೊಳೆಯುತ್ತಿತ್ತು. ಒಂದು ಕಲೆ ಇಲ್ಲ, ಒಂದು ಬಿರುಕಿಲ್ಲ. "ನೋಡ್ರಿ! ಬಂಗಾರ ಐತಿ ಬಂಗಾರ!" ಅಂದರು ಗುರಪ್ಪ ಮಿಸ್ತ್ರಿ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬೇಕು ಅನ್ನಿಸಿತು.

ನಗು ನಿಂತ ಮೇಲೆ ಸಾವಕಾರರು ಮೆಲ್ಲಗೆ ಕೇಳಿದರು. "ಎಲ್ಲಾ ಖರೆ ಮಿಸ್ತ್ರಿ. ಬಂಗಾರದಂಥಾ ಬೋಲ್ಟ್ ಒಡದ್ರಿ. ಈಗ ಇಂಜಿನ್ ಯಾವದರ ಮ್ಯಾಲೆ ಓಡಸ್ತೀರಿ?"

ಯಾರಿಗೂ ಅದು ಹೊಳೆದಿರಲೇ ಇಲ್ಲ! ಗುರಪ್ಪ ಮಿಸ್ತ್ರಿ ಕೈಯಲ್ಲಿದ್ದ ತುಂಡು ನೋಡಿದರು, ನನ್ನನ್ನು ನೋಡಿದರು. ಸಿಟ್ಟಿನ ಭರದಲ್ಲಿ ನನಗೂ ತಲೆಗೆ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಈಗ ಜಗಳ ಬೇರೆ ರೂಪ ತಾಳಿತು. ಗುರಪ್ಪ ಮಿಸ್ತ್ರಿ ಒಂದೇ ಬೋಲ್ಟು ಸಾಕು, ಲೇತಿನವನ ಹತ್ತಿರ ಸಂಜೆಯೊಳಗೆ ಮಾಡಿಸೋಣ ಅಂದರು. ನಾನು ಜೋಡಿ ಬೇಕು, ಇಂಜಿನ್ ಮಾಡಿದ ಕಂಪನಿಯವೇ ಬೇಕು, ಮುಂಬಯಿಯಿಂದ ತರಿಸಿರಿ ಅಂದೆ. ಹೊರಗೆ ಅಂತೂರ ಬೆಂತೂರದ ಚಕ್ಕಡಿಗಳು ಅರಳೆ ಹೇರಿಕೊಂಡು ಸಾಲಾಗಿ ನಿಂತಿದ್ದವು. ಮುಂಬಯಿಯಿಂದ ಪಾರ್ಸಲ್ ಬರುವತನಕ ಜಿನ್ನು ಬಂದ್, ಹೆಂಗಸರಿಗೆ ಕೂಲಿ ಇಲ್ಲ. ಫಕೀರವ್ವ ಸೊಂಟಕ್ಕೆ ಸೆರಗು ಸಿಗಿಸಿ ಮುಂದೆ ಬಂದಳು.

"ಏನೋ ದಾವಲ್ಯಾ, ಬೋಲ್ಟ್ ನೆಟ್ಟಗಿತ್ತು ಅಂತ ಎಲ್ಲಾರೂ ಕಣ್ಣಾರೆ ನೋಡೀವಿ. ಇನ್ನ ಯಾಕ ಹಟಾ? ನಿನ್ನ ಬೋಲ್ಟಿನ ಸಲುವಾಗಿ ನನ್ನ ಮನಿ ಒಲಿ ಆರಸ್ತೀಯೇನು?"

"ಯಕ್ಕಾ, ನಿನ್ನ ಬೆನ್ನಿನ ಹಿಂದ ಐತಿ ಅದು."

"ನನ್ನ ಬೆನ್ನಿನ ಚಿಂತಿ ನಿನಗ ಬ್ಯಾಡ. ಹೊಟ್ಟಿ ಚಿಂತಿ ಮಾಡು."

ಆ ಮಾತು ನನಗೆ ಚುಚ್ಚಿತು. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಕೂಲಿ ಇಲ್ಲದ ದಿನ ಆಕೆಯ ಮನೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು, ನಾನೂ ಅದೇ ಓಣಿಯವ. ಸಾವಕಾರರು ನನ್ನ ಕಡೆ ತಿರುಗಿದರು. "ಇನ್ನೊಂದ ಬೋಲ್ಟ್ ಒಡೀಲೇನು? ಅದೂ ನೆಟ್ಟಗಿದ್ರ ಸುಮ್ಮನಾಗ್ತೀಯೇನು?"

"ಇಲ್ರಿ. ಅದನ್ನ ಒಡದು ನೋಡೂದ ಬ್ಯಾಡ. ನೆಟ್ಟಗಿದ್ರೂ ನಾ ಹಾಕೂದಿಲ್ಲ. ಹಳೇ ಬೋಲ್ಟ್ ಹಾಕಾಕ ಬ್ಯಾರೇದವರನ್ನ ನೋಡಕೋರಿ, ಪಾನಾ ಇಲ್ಲಿಟ್ಟೀನಿ."

"ಮುರೀತೈತಿ ಅಂತ ನಿನಗ ಖಾತ್ರಿ ಐತೇನು?"

"ಇಲ್ರಿ. ಮುರಿಯೂದಿಲ್ಲ ಅಂತ ನಿಮಗ ಖಾತ್ರಿ ಐತೇನ್ರಿ?"

ಸಾವಕಾರರು ಆ ಮಣ್ಣಿನ ಗೋಡೆಯ ಹತ್ತಿರ ಹೋಗಿ ಕೈಯಿಂದ ತಟ್ಟಿ ನೋಡಿದರು. ಆಮೇಲೆ ಗುಮಾಸ್ತನನ್ನು ಕರೆದು ಪೋಸ್ಟಿಗೆ ಹೋಗಿ ಮುಂಬಯಿಗೆ ತಾರು ಹೊಡೆ ಅಂದರು, ಜೋಡಿ ಬೋಲ್ಟು. ನನಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ, ಬಯ್ಯಲೂ ಇಲ್ಲ. ಹೆಂಗಸರು ಗೊಣಗುತ್ತ ಮನೆಗೆ ಹೋದರು.

ಉಳಿದ ಎರಡನೇ ಬೋಲ್ಟನ್ನು ನಾನು ಗರಗಸಕ್ಕೆ ಇಟ್ಟೆ. ತೆಗೆದ ಬೋಲ್ಟು ನೋಡಲು ಚಂದ ಇದ್ದರೆ ಯಾರಾದರೂ ಒಯ್ದು ಇನ್ನೊಂದು ಇಂಜಿನ್ನಿಗೆ ಹಾಕಿಬಿಡುತ್ತಾರೆ, ಅದಕ್ಕೇ ತೆಗೆದ ಕೂಡಲೆ ಕೊಯ್ಯುವುದು ನನ್ನ ರೂಢಿ. ನೀವೂ ಹಾಗೇ ಮಾಡಿರಿ. ಮನೆಗೆ ಹೊರಟಿದ್ದ ಫಕೀರವ್ವ ಅದನ್ನು ನೋಡಿ ತಿರುಗಿ ಬಂದು ಕೈಯಿಂದ ಕಸಿದಳು. "ಕುಂಕುಮ ಏರಿಸಿದ್ದನ್ನ ಕೊಯ್ತೀಯೇನೋ, ಹಾಟ್ಯಾ! ಮುರುಕಾ ಮೋಡಕಾ ಸಾಮಾನಿನಾಗ ಒಗೀತೀಯೇನು? ತಾ ಇಲ್ಲಿ, ಅಡಕಿ ಕುಟ್ಟಾಕ ಆಗ್ತೈತಿ."

"ಯಾರಿಗೂ ಕೊಡಬ್ಯಾಡ ಮತ್ತ. ಇಂಜಿನ್ನಿಗೆ ಹೋಗಬಾರದು ಅದು."

"ನಿನ್ನಂಗ ಇಂಜಿನ್ ಕಟಗೊಂಡು ಸಾಯೂದಿಲ್ಲ ನಾ" ಅನ್ನುತ್ತ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಪಾರ್ಸಲ್ ಬಂದ ದಿನ ಸ್ಟೇಷನ್ನಿನಿಂದ ನಾನೇ ತಂದೆ, ನಾನೇ ಹಾಕಿದೆ, ನಾನೇ ಬಿಗಿದೆ. ಗುರಪ್ಪ ಮಿಸ್ತ್ರಿ ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಬರಲಿಲ್ಲ. ಇಂಜಿನ್ ಚಾಲೂ ಆಯಿತು, ಮೊದಲಿನ ಹಾಗೇ ಓಡಿತು. ಅದೇ ನೋಡಿರಿ ಈ ಕೆಲಸದ ಕಷ್ಟ. ಹೊಸ ಬೋಲ್ಟು ಹಾಕಿದರೆ ಏನೂ ಆಗುವುದಿಲ್ಲ, ಏನೂ ಆಗದ್ದಕ್ಕೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಆ ಸುಗ್ಗಿ ಪೂರ್ತಿ ಜಿನ್ನಿನಲ್ಲಿ ನಾನು ನಗೆಪಾಟಲು. ಫಕೀರವ್ವನಂತೂ ನನಗೆ ಹೆಸರೇ ಇಟ್ಟಳು, 'ಒಲಿ ಆರಿಸಿದಾಂವ' ಅಂತ. ಓಣಿಯಲ್ಲಿ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಎಲ್ಲಿ ಸಿಕ್ಕರೂ, "ಬಂದಾ ನೋಡವ್ವಾ ಒಲಿ ಆರಿಸಿದಾಂವ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೂ ಅದರೊಳಗೆ ಮುಳ್ಳಿತ್ತು. ನಾನು ನನ್ನ ರೀತಿ ಬಿಡಲಿಲ್ಲ. ಮುಂದೆ ಬಿಚ್ಚಿದ ಪ್ರತಿಯೊಂದು ಇಂಜಿನ್ನಿಗೂ ಜೋಡಿ ಹೊಸ ಬೋಲ್ಟು ಹಾಕಿದೆ. ಎರಡು ಕಡೆ ಅದಕ್ಕಾಗಿಯೇ ಕೆಲಸ ಬಿಡಿಸಿದರು. ಬಿಡಿಸಲಿ.

ಕರ್ನಾಟಕ ಒಂದಾದ ದಿನ ಗದಗ ಬೆಟಗೇರಿಯಲ್ಲಿ ಮನೆಮನೆಗೆ ತೋರಣ, ಬ್ಯಾಂಡು, ಮೆರವಣಿಗೆ. ನಾಕಾ ದಾಟಿ ದಾಟಿ ಸವೆದ ನನ್ನ ಕಾಲಿಗೂ ಅವತ್ತು ಹುರುಪು ಬಂದಿತ್ತು. ಹೊಸ ಅಂಗಿ ಹಾಕಿಕೊಂಡು ಹೊರಟಿದ್ದೆ. ಫಕೀರವ್ವ ಆಗ ಜಿನ್ನು ಬಿಟ್ಟು ಮನೆಯಲ್ಲೇ ಇರುತ್ತಿದ್ದಳು. ಕಟ್ಟೆಯ ಮೇಲೆ ಕೂತಿದ್ದವಳು ನನ್ನನ್ನು ಕರೆದಳು. ಅವತ್ತು ಆ ಹೆಸರು ಹಿಡಿಯಲಿಲ್ಲ.

"ದಾವಲ್ಯಾ, ಬಾ ಇಲ್ಲೆ. ನಿನ್ನ ಬೋಲ್ಟ್ ನೋಡಿಲ್ಲಿ. ಅಡಕಿ ಕುಟ್ಟತಿದ್ದೆ, ಕೈ ಜಾರಿ ಕಟ್ಟಿ ಕಲ್ಲಿನ ಮ್ಯಾಲೆ ಬಿತ್ತು. ಎರಡಾತು."

ಎರಡು ತುಂಡನ್ನೂ ಕೈಗೆ ಕೊಟ್ಟಳು. ತಿರುಪಿನ ಬುಡದಲ್ಲೇ ಮುರಿದಿತ್ತು. ಮುರಿದ ಮುಖವನ್ನು ಬಿಸಿಲಿಗೆ ಹಿಡಿದೆ. ಮುಖವೆಲ್ಲ ಕಪ್ಪಗಿತ್ತು, ಇಂಜಿನ್ನಿನ ಎಣ್ಣೆ ಒಳಗೆ ಇಳಿದು ಕೂತ ಹಳೆಯ ಕಪ್ಪು. ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಹೊಸ ಹೊಳಪು. ಗುರಪ್ಪ ಮಿಸ್ತ್ರಿ ಸುತ್ತಿಗೆಯಿಂದ ಹೊಡೆದು ಬೆವರಿದ್ದು ಬೇರೆ ಬೋಲ್ಟಿಗೆ. ಇದು ಅಡಕೆ ಕುಟ್ಟುವ ಕೈಯಿಂದ ಜಾರಿ ಬಿದ್ದು ಮುರಿದಿತ್ತು.

"ಏನ್ ನೋಡಾಕತ್ತೀಯೋ?" ಅಂದಳು.

"ಯಕ್ಕಾ, ಈ ಕಪ್ಪು ನೋಡು. ಇಷ್ಟೂ ಆಗಿಂದ ಮುರಿದದ್ದು. ಈ ಹೊಳಿಯೂದು ಐತಲ್ಲ, ಇಷ್ಟ ಇವತ್ತ ಮುರಿದದ್ದು. ನೀ ಗ್ವಾಡಿಗೆ ಬೆನ್ನ ಕೊಟ್ಟ ಕುಂತಾಗ ಇಷ್ಟರ ಮ್ಯಾಲೆ ನಿಂತಿತ್ತು."

ಆಕೆ ತುಂಡನ್ನು ಇಸಿದುಕೊಂಡು ಆ ಹೊಳಪಿನ ಮೇಲೆ ಬೆರಳಿನ ಉಗುರು ಇಟ್ಟು ನೋಡಿದಳು. ಸರಿಯಾಗಿ ಮುಚ್ಚಿತು. ಇನ್ನೊಂದು ಕೈ ತಾನಾಗಿಯೇ ಹಿಂದೆ ಹೋಗಿ ತನ್ನ ಬೆನ್ನನ್ನು ಮುಟ್ಟಿಕೊಂಡಿತು. "ಮಕ್ಕಳು ಸಣ್ಣವು ಇದ್ವು ಆಗ" ಅಂದಳು. ಬಹಳ ಸಣ್ಣ ದನಿಯಲ್ಲಿ ಅಂದಳು.

ಗುರಪ್ಪ ಮಿಸ್ತ್ರಿ ಆಗ ಕೆಲಸ ಬಿಟ್ಟು ಕೋಟುಮಚಗಿಗೆ ಹೋಗಿದ್ದರು, ಕಣ್ಣು ಮಂಜಾಗಿದ್ದವು. ಒಯ್ದು ತೋರಿಸು ಅಂತ ಆಮೇಲೆ ಎಷ್ಟೋ ಮಂದಿ ಅಂದರು. ನಾನು ಒಯ್ಯಲಿಲ್ಲ. ಅವರು ಪ್ರೀತಿಯಿಂದ ಕುಂಕುಮ ಏರಿಸಿದ ಬೋಲ್ಟು ಅದು, ಮುಪ್ಪಿನಲ್ಲಿ ಅವರ ಮನಸ್ಸು ನೋಯಿಸಿ ನನಗೇನು ಬರಬೇಕಿತ್ತು? ಆ ಬೋಲ್ಟು ಮುರಿಯದೇ ಇದ್ದಿದ್ದರೂ ನಾನು ಮಾಡಿದ್ದು ಸರಿಯೇ ಇತ್ತು. ಹುಡುಗರೇ, ನಿಮಗೆ ಹೇಳುವುದೂ ಅದನ್ನೇ. ಪುರಾವೆ ಸಿಕ್ಕ ಮೇಲೆ ಬದಲಿಸುತ್ತೇನೆ ಅನ್ನಬೇಡಿರಿ. ಮಾಬೂಸಾಬರಿಗೆ ಪುರಾವೆ ಸಿಕ್ಕಿತ್ತು.

ಓಣಿಯ ತುದಿಗೆ ಬ್ಯಾಂಡಿನ ಸಪ್ಪಳ ಬಂತು. ಹೋಗಿ ಬರ್ತೀನಿ ಯಕ್ಕಾ ಅಂತ ಎದ್ದೆ. ಫಕೀರವ್ವ ನನ್ನ ಹೊಸ ಅಂಗಿಯ ತೋಳು ಹಿಡಿದು ಎಳೆದು ಕೂಡಿಸಿದಳು.

"ಮೆರವಣಿಗಿ ಹೋದ್ರ ಹೋಗಲಿ. ಕುಂಡ್ರು. ಒಲಿ ಹೊತ್ತಸ್ತೀನಿ, ಚಾ ಕುಡದು ಹೋಗು" ಅಂದಳು, ಮತ್ತು ಒಳಗೆ ಹೋಗಿ ಒಲೆಯ ಮುಂದೆ ಕೂತು ಬಹಳ ಹೊತ್ತು ಊದಿದಳು.